‘ಅಲಾರಂ ವೆಂಟ್ ಆಫ್’ ಅಂದರೆ ಅಲಾರಂ ನಿಂತಿತು ಎಂದಲ್ಲ! ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳ ಲೆಕ್ಕಾಚಾರವೇನು?

ಹೊಸದಾಗಿ ಸೇರಿದ ಹಾಸ್ಟೆಲ್ಲಿನ ಗೋಡೆಯ ಮೇಲೆ ಒಂದು ಸೂಚನೆ ಅಂಟಿಸಿದ್ದಾರೆ ಎಂದುಕೊಳ್ಳಿ: ‘ಇಫ್ ದ ಫೈರ್ ಅಲಾರಂ ಗೋಸ್ ಆಫ್, ಗೆಟ್ ಔಟ್ ಆಫ್ ದ ಬಿಲ್ಡಿಂಗ್.’ ಇದನ್ನು ಓದಿದ ವಿದ್ಯಾರ್ಥಿಗೆ ‘ಆಫ್’ ಎಂದರೇನು ಎಂಬುದು ಚಿಕ್ಕಂದಿನಿಂದಲೂ ಗೊತ್ತು. ಲೈಟ್ ಆಫ್ ಮಾಡು, ಫ್ಯಾನ್ ಆಫ್ ಮಾಡು, ಮೊಬೈಲ್ ಆಫ್ ಆಗಿದೆ. ಅಂದರೆ ನಿಂತುಹೋಗುವುದು. ಹಾಗಾದರೆ ಈ ಸೂಚನೆಯ ಅರ್ಥ ‘ಬೆಂಕಿಯ ಅಲಾರಂ ನಿಂತರೆ ಕಟ್ಟಡದಿಂದ ಹೊರಗೆ ಬನ್ನಿ’ ಎಂದೇ?

ಅಲ್ಲ. ಅದರ ಅರ್ಥ ಸರಿಯಾಗಿ ಉಲ್ಟಾ. ‘ಅಲಾರಂ ಗೋಸ್ ಆಫ್’ ಎಂದರೆ ಅಲಾರಂ ಹೊಡೆದುಕೊಳ್ಳುವುದು. ಅದೇ ‘ದ ಲೈಟ್ಸ್ ವೆಂಟ್ ಆಫ್’ ಎಂದರೆ ದೀಪ ಆರಿತು. ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಎಂದರೆ ಹಾಲು ಕೆಟ್ಟಿತು. ಪದಗಳು ಅವೇ ಎರಡು, ಅರ್ಥ ಮಾತ್ರ ಮೂರು!

ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರೂ ಎಡವುವ ಜಾಗ ಇದು. ದೊಡ್ಡ ದೊಡ್ಡ ಪದಗಳು ನಮಗೆ ಅಷ್ಟು ತೊಂದರೆ ಕೊಡುವುದಿಲ್ಲ. ಗೆಟ್, ಗೋ, ಪುಟ್, ಕಮ್, ಅಪ್, ಆಫ್, ಔಟ್, ವಿತ್ ಇಂತಹ ಪುಟ್ಟ ಪದಗಳು ಒಂದಕ್ಕೊಂದು ಅಂಟಿಕೊಂಡಾಗಲೇ ತಲೆ ಕೆಡುವುದು. ಇವು ಹೇಗೆ ಅಂಟಿಕೊಳ್ಳುತ್ತವೆ, ಇದರ ಹಿಂದೆ ನಿಯಮ ಏನಾದರೂ ಇದೆಯೇ, ಇವುಗಳ ಬಗ್ಗೆ ಹಬ್ಬಿರುವ ನಂಬಿಕೆಗಳು ಎಷ್ಟು ನಿಜ? ಬನ್ನಿ, ಒಂದೊಂದಾಗಿ ನೋಡೋಣ.

ಫ್ರೇಸಲ್ ವರ್ಬ್ ಎಂದರೇನು?

ಒಂದು ಸಾಮಾನ್ಯ ಕ್ರಿಯಾಪದದ ಜೊತೆಗೆ ಅಪ್, ಔಟ್, ಆಫ್, ಡೌನ್, ಆನ್ ಮುಂತಾದ ಒಂದು ಪುಟ್ಟ ಪದ ಸೇರಿ, ಎರಡೂ ಕೂಡಿ ಒಂದು ಕ್ರಿಯಾಪದದಂತೆ ಕೆಲಸ ಮಾಡಿದರೆ ಅದು ಫ್ರೇಸಲ್ ವರ್ಬ್. ‘ಗಿವ್’ ಎಂದರೆ ಕೊಡು, ‘ಅಪ್’ ಎಂದರೆ ಮೇಲೆ. ಆದರೆ ‘ಗಿವ್ ಅಪ್’ ಎಂದರೆ ಮೇಲೆ ಕೊಡು ಎಂದಲ್ಲ, ಬಿಟ್ಟುಬಿಡು ಎಂದು. ಆ ಪುಟ್ಟ ಪದವನ್ನು ವ್ಯಾಕರಣದಲ್ಲಿ ಪಾರ್ಟಿಕಲ್ ಎನ್ನುತ್ತಾರೆ. ನಾವಿಲ್ಲಿ ಸುಲಭಕ್ಕೆ ‘ಜೊತೆಪದ’ ಎಂದು ಕರೆಯೋಣ.

‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದು ಸುಮಾರು 100 ವರ್ಷಗಳಾಗಿವೆ. ಲೋಗನ್ ಪಿಯರ್ಸಲ್ ಸ್ಮಿತ್ ಎಂಬ ಲೇಖಕರು 1925ರಲ್ಲಿ ಪ್ರಕಟಿಸಿದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಪುಸ್ತಕದಲ್ಲಿ ಇದನ್ನು ಬಳಸಿದರು. ಈ ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದೂ ಅವರೇ ಹೇಳಿಕೊಂಡಿದ್ದಾರೆ. ಆದರೆ ಹೆಸರು ಹುಟ್ಟುವ ಎಷ್ಟೋ ಮೊದಲೇ ಈ ತೊಂದರೆ ಗಮನಕ್ಕೆ ಬಂದಿತ್ತು. ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ 1755ರ ಪ್ರಸಿದ್ಧ ನಿಘಂಟಿನ ಮುನ್ನುಡಿಯಲ್ಲಿ, ಕ್ರಿಯಾಪದಗಳಿಗೆ ಹೀಗೆ ಪುಟ್ಟ ಪದ ಸೇರಿ ಅರ್ಥ ಬದಲಾಗುವುದೇ ಪರದೇಶದವರಿಗೆ ಅತಿ ದೊಡ್ಡ ತೊಡಕು ಎಂದು ಬರೆದಿದ್ದರು. ಅಂದರೆ ನಾವು ಎಡವುವ ಜಾಗದಲ್ಲಿ 270 ವರ್ಷಗಳಿಂದ ಬೇರೆಯವರೂ ಎಡವುತ್ತಲೇ ಇದ್ದಾರೆ!

ಬೆಟ್ಟ ಹತ್ತುವ ‘ಅಪ್’, ಬಿಲ್ಲು ಏರಿಸುವ ‘ಅಪ್’

ಗೊಂದಲಕ್ಕೆ ಮೊದಲ ಕಾರಣ, ಅಪ್, ಆನ್, ಆಫ್, ಇನ್, ಡೌನ್ ಇಂತಹ ಪದಗಳು ಎರಡು ಬೇರೆ ಬೇರೆ ಕೆಲಸ ಮಾಡುತ್ತವೆ. ಒಮ್ಮೆ ಕ್ರಿಯಾಪದಕ್ಕೆ ಅಂಟಿಕೊಂಡ ಜೊತೆಪದವಾಗಿ, ಇನ್ನೊಮ್ಮೆ ಮುಂದಿನ ನಾಮಪದಕ್ಕೆ ಅಂಟಿಕೊಂಡ ಪ್ರಿಪೊಸಿಷನ್ ಆಗಿ. ಈ ಎರಡು ವಾಕ್ಯ ನೋಡಿ:

‘ಹಿ ರ‍್ಯಾನ್ ಅಪ್ ಎ ಹಿಲ್.’ ಅವನು ಬೆಟ್ಟದ ಮೇಲಕ್ಕೆ ಓಡಿದ.
‘ಹಿ ರ‍್ಯಾನ್ ಅಪ್ ಎ ಬಿಲ್.’ ಅವನು ಬಿಲ್ಲು ಏರಿಸಿಕೊಂಡ.

ನೋಡಲು ಎರಡೂ ಒಂದೇ ತರ. ಆದರೆ ಮೊದಲನೆಯದರಲ್ಲಿ ‘ಅಪ್ ಎ ಹಿಲ್’ ಎಂಬುದು ಒಂದು ಗುಂಪು. ಕನ್ನಡದಲ್ಲಿ ‘ಬೆಟ್ಟದ ಮೇಲಕ್ಕೆ’ ಎಂದಂತೆ. ಎರಡನೆಯದರಲ್ಲಿ ‘ರ‍್ಯಾನ್ ಅಪ್’ ಒಂದು ಗುಂಪು, ‘ಎ ಬಿಲ್’ ಅದರ ಕರ್ಮ. ಎಲ್ಲಿ ಯಾವುದು ಎಂದು ಕಂಡುಹಿಡಿಯಲು ಮೂರು ಸುಲಭ ಪರೀಕ್ಷೆಗಳಿವೆ.

ಮೊದಲನೆಯದು, ಪದವನ್ನು ಆಚೆ ಸರಿಸುವುದು. ಫ್ರೇಸಲ್ ವರ್ಬ್‌ನಲ್ಲಿ ಜೊತೆಪದ ಕರ್ಮದ ಆಚೆಗೂ ಹೋಗಬಹುದು. ‘ಹಿ ರ‍್ಯಾನ್ ಎ ಬಿಲ್ ಅಪ್’ ಸರಿ. ‘ಹಿ ರ‍್ಯಾನ್ ಎ ಹಿಲ್ ಅಪ್’ ಸರಿಯಲ್ಲ.

ಎರಡನೆಯದು, ‘ಇಟ್’ ಇಟ್ಟು ನೋಡುವುದು. ಕರ್ಮದ ಜಾಗದಲ್ಲಿ ಇಟ್, ಹಿಮ್, ದೆಮ್ ಬಂದರೆ ಫ್ರೇಸಲ್ ವರ್ಬ್‌ನಲ್ಲಿ ಅದು ನಡುವೆಯೇ ಕೂರಬೇಕು. ‘ಪಿಕ್ ಇಟ್ ಅಪ್’ ಸರಿ, ‘ಪಿಕ್ ಅಪ್ ಇಟ್’ ತಪ್ಪು. ಪ್ರಿಪೊಸಿಷನ್ ಆದರೆ ಅದು ಕೊನೆಗೇ ಬರಬೇಕು. ‘ಲುಕ್ ಅಟ್ ಇಟ್’ ಸರಿ, ‘ಲುಕ್ ಇಟ್ ಅಟ್’ ತಪ್ಪು.

ಮೂರನೆಯದು, ಕಿವಿಯ ಪರೀಕ್ಷೆ. ಮಾತಾಡುವಾಗ ಜೊತೆಪದದ ಮೇಲೆ ಸಾಮಾನ್ಯವಾಗಿ ಒತ್ತು ಬೀಳುತ್ತದೆ, ಪ್ರಿಪೊಸಿಷನ್ ಮೇಲೆ ಸಾಮಾನ್ಯವಾಗಿ ಬೀಳುವುದಿಲ್ಲ. ‘ಗೆಟ್ ಅಪ್’ ಎನ್ನುವಾಗ ‘ಅಪ್’ ಸ್ಪಷ್ಟವಾಗಿ ಕೇಳುತ್ತದೆ. ‘ಲುಕ್ ಅಟ್ ಮಿ’ ಎನ್ನುವಾಗ ‘ಅಟ್’ ಎಂಬುದು ಬಹುತೇಕ ನುಂಗಿಹೋಗಿರುತ್ತದೆ. ಇಂಗ್ಲಿಷ್ ಸಿನಿಮಾ ನೋಡುವಾಗ ಇದನ್ನು ಗಮನಿಸಿ, ಬೇಗ ಗೊತ್ತಾಗುತ್ತದೆ.

ಮೂರು ಪದಗಳ ಸರಪಳಿ

ಈಗ ಮುಖ್ಯ ವಿಷಯಕ್ಕೆ ಬರೋಣ. ದಿನನಿತ್ಯದ ಇಂಗ್ಲಿಷಿನಲ್ಲಿ ಫ್ರೇಸಲ್ ವರ್ಬ್ ತನ್ನ ಹಿಂದೆ ಒಂದು ಪ್ರಿಪೊಸಿಷನ್ ಗುಂಪನ್ನು ಎಳೆದುಕೊಂಡು ಬರುವುದು ತೀರಾ ಸಾಮಾನ್ಯ. ನಮ್ಮ ಹಾಸ್ಟೆಲ್ಲಿನ ಸೂಚನೆಯಲ್ಲೇ ‘ಗೆಟ್ ಔಟ್’ ಎಂಬುದರ ಹಿಂದೆ ‘ಆಫ್ ದ ಬಿಲ್ಡಿಂಗ್’ ಇದೆ. ಇಲ್ಲಿರುವ ‘ಆಫ್’ ಎಂದರೆ ‘ಕಟ್ಟಡದ’ ಎಂಬಲ್ಲಿನ ಆಫ್, ‘ಲೈಟ್ ಆಫ್’ನ ಆಫ್ ಅಲ್ಲ. ಇವೆರಡೂ ಇವತ್ತು ಬೇರೆ ಬೇರೆ ಪದಗಳಾದರೂ ಹಳೆಯ ಇಂಗ್ಲಿಷಿನಲ್ಲಿ ಒಂದೇ ಪದವಾಗಿದ್ದವು ಎಂಬುದು ಸ್ವಾರಸ್ಯ.

ಇಂತಹ ಜೋಡಣೆಯಲ್ಲಿ ಮುಖ್ಯವಾಗಿ ಎರಡು ಬಗೆ.

ಒಂದು, ಬಿಡಿ ಜೋಡಣೆ. ‘ಶಿ ಗೆಟ್ಸ್ ಅಪ್ ಅಟ್ ಸಿಕ್ಸ್’, ‘ಹಿ ಗ್ರೂ ಅಪ್ ಇನ್ ಮೈಸೂರು’, ‘ಗೆಟ್ ಆಫ್ ಅಟ್ ಮೆಜೆಸ್ಟಿಕ್’. ಇಲ್ಲಿ ಫ್ರೇಸಲ್ ವರ್ಬ್ ತನ್ನಷ್ಟಕ್ಕೆ ಪೂರ್ತಿ. ಹಿಂದೆ ಬರುವ ಪ್ರಿಪೊಸಿಷನ್ ಗುಂಪು ಎಲ್ಲಿ, ಯಾವಾಗ ಎಂಬ ಮಾಹಿತಿ ಕೊಡುತ್ತದೆ ಅಷ್ಟೆ. ಅದನ್ನು ತೆಗೆದರೂ ವಾಕ್ಯ ನಿಲ್ಲುತ್ತದೆ. ‘ಅಟ್ ಸಿಕ್ಸ್’ ತೆಗೆದು ‘ಆಫ್ಟರ್ ಸನ್‌ರೈಸ್’ ಹಾಕಿದರೂ ಏಳುವುದು ಏಳುವುದೇ.

ಎರಡು, ಬೆಸುಗೆ. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ‘ರನ್ ಔಟ್ ಆಫ್’ ಎಂದರೆ ಖಾಲಿಯಾಗು. ‘ಲುಕ್ ಫಾರ್ವರ್ಡ್ ಟು’ ಎಂದರೆ ಆಸೆಯಿಂದ ಎದುರುನೋಡು. ‘ಗೆಟ್ ಅವೇ ವಿತ್’ ಎಂದರೆ ತಪ್ಪು ಮಾಡಿಯೂ ಪಾರಾಗು. ‘ಕಮ್ ಅಪ್ ವಿತ್’ ಎಂದರೆ ಉಪಾಯವೊಂದನ್ನು ಹೊಳೆಸಿಕೊ. ಇಲ್ಲಿ ಮೂರೂ ಪದ ಸೇರಿಯೇ ಅರ್ಥ. ‘ಐ ಪುಟ್ ಅಪ್ ವಿತ್ ದ ನಾಯ್ಸ್’ ಎಂಬುದರಿಂದ ‘ವಿತ್ ದ ನಾಯ್ಸ್’ ತೆಗೆದರೆ ಸಹಿಸಿಕೊಳ್ಳುವ ಅರ್ಥವೇ ಮಾಯ. 1985ರಲ್ಲಿ ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು ಬರೆದ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಿ ಇವುಗಳನ್ನು ‘ಫ್ರೇಸಲ್-ಪ್ರಿಪೊಸಿಷನಲ್ ವರ್ಬ್’ ಎಂದೇ ಬೇರೆಯಾಗಿ ವಿಂಗಡಿಸಿದ್ದಾರೆ.

ಈ ಬೆಸುಗೆಯಲ್ಲೂ ಕೆಲವೊಮ್ಮೆ ನಡುವೆ ಒಬ್ಬರನ್ನು ಕೂರಿಸಬಹುದು. ‘ಡೋಂಟ್ ಟೇಕ್ ಇಟ್ ಔಟ್ ಆನ್ ಮಿ’ ಎಂದರೆ ಆ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳಬೇಡ. ‘ಐ ಪುಟ್ ಇಟ್ ಡೌನ್ ಟು ಟಯರ್ಡ್‌ನೆಸ್’ ಎಂದರೆ ಸುಸ್ತಿನಿಂದ ಹೀಗಾಗಿದೆ ಎಂದುಕೊಂಡೆ. ಇಲ್ಲಿ ‘ಇಟ್’ ಕ್ರಿಯಾಪದ ಮತ್ತು ಜೊತೆಪದದ ನಡುವೆ, ಇನ್ನೊಬ್ಬರು ಪ್ರಿಪೊಸಿಷನ್‌ನ ಹಿಂದೆ. ಆದರೆ ‘ಪುಟ್ ಅಪ್ ವಿತ್’ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಪುಟ್ ಇಟ್ ಅಪ್ ವಿತ್’ ಎಂದರೆ ತಪ್ಪು.

ಕೊನೆಯ ಪದ ಬದಲಾದರೆ ಕಥೆಯೇ ಬದಲು

‘ಮೇಕ್ ಅಪ್’ ಎಂಬುದನ್ನೇ ತೆಗೆದುಕೊಳ್ಳಿ. ‘ಮೇಕ್ ಅಪ್ ವಿತ್ ಹರ್’ ಎಂದರೆ ಅವಳ ಜೊತೆ ಜಗಳ ಬಿಟ್ಟು ರಾಜಿಯಾಗು. ‘ಮೇಕ್ ಅಪ್ ಫಾರ್ ಇಟ್’ ಎಂದರೆ ಆದ ಕೊರತೆಯನ್ನು ತುಂಬಿಕೊಡು. ಪ್ರಿಪೊಸಿಷನ್ ಇಲ್ಲದೆ ‘ಶಿ ಮೇಡ್ ಇಟ್ ಅಪ್’ ಎಂದರೆ ಅವಳೇ ಕಟ್ಟಿದ ಕಟ್ಟುಕಥೆ!

ಹಾಗೆಯೇ ‘ಕ್ಯಾಚ್ ಅಪ್ ವಿತ್ ಎ ಫ್ರೆಂಡ್’ ಎಂದರೆ ಗೆಳೆಯನ ಜೊತೆ ಬಿಟ್ಟುಹೋದ ಸುದ್ದಿಗಳನ್ನೆಲ್ಲ ಮಾತಾಡಿಕೊಳ್ಳುವುದು, ‘ಕ್ಯಾಚ್ ಅಪ್ ಆನ್ ಸ್ಲೀಪ್’ ಎಂದರೆ ಬಾಕಿ ಉಳಿದ ನಿದ್ದೆ ತೀರಿಸುವುದು. ‘ಎಂಡ್ ಅಪ್ ಇನ್ ಹಾಸ್ಪಿಟಲ್’ ಎಂದರೆ ಕೊನೆಗೆ ಆಸ್ಪತ್ರೆ ಸೇರು, ‘ಎಂಡ್ ಅಪ್ ವಿತ್ ನಥಿಂಗ್’ ಎಂದರೆ ಕೊನೆಗೆ ಬರಿಗೈಯಾಗು.

ಇದೇನು ವಿಚಿತ್ರ ಭಾಷೆ ಎನ್ನಬೇಡಿ. ಕನ್ನಡದಲ್ಲಿ ‘ಕೈ ಮಾಡು’ ಎಂಬುದನ್ನು ನೋಡಿ. ‘ಬಸ್ಸಿಗೆ ಕೈ ಮಾಡಿದ’ ಎಂದರೆ ನಿಲ್ಲಿಸಲು ಸನ್ನೆ ಮಾಡಿದ. ‘ತಮ್ಮನ ಮೇಲೆ ಕೈ ಮಾಡಿದ’ ಎಂದರೆ ಹೊಡೆದ. ‘ಗೆ’ ಹೋಗಿ ‘ಮೇಲೆ’ ಬಂದದ್ದಷ್ಟೆ, ಸನ್ನೆ ಹೋಗಿ ಏಟು ಬಂತು! ಕನ್ನಡ ಕಲಿಯುವ ಹೊಸಬರೊಬ್ಬರು ‘ನಾನು ಬಸ್ಸಿನ ಮೇಲೆ ಕೈ ಮಾಡಿದೆ’ ಎಂದರೆ ನಮಗೆ ನಗು ಬರುತ್ತದೆ. ನಮ್ಮ ಇಂಗ್ಲಿಷ್ ಕೇಳಿದವರಿಗೆ ಆಗುವುದೂ ಅಷ್ಟೇ.

ತಪ್ಪು ನಂಬಿಕೆ 1: ಇದಕ್ಕೆ ಯಾವ ತರ್ಕವೂ ಇಲ್ಲ, ಬಾಯಿಪಾಠವೇ ಗತಿ

ಇದು ಅರ್ಧ ಮಾತ್ರ ನಿಜ. ಕೆಲವು ಜೋಡಿಗಳ ಅರ್ಥವನ್ನು ಊಹಿಸುವುದು ಕಷ್ಟ, ಒಪ್ಪೋಣ. ಆದರೆ ಹೆಚ್ಚಿನವುಗಳಲ್ಲಿ ಜೊತೆಪದಕ್ಕೆ ತನ್ನದೇ ಆದ ಒಂದು ಒಲವು ಇರುತ್ತದೆ.

‘ಅಪ್’ ಎಂಬುದು ಎಷ್ಟೋ ಕಡೆ ‘ಪೂರ್ತಿಯಾಗಿ’ ಎಂಬ ಅರ್ಥ ಕೊಡುತ್ತದೆ. ‘ಈಟ್ ಅಪ್’ ಎಂದರೆ ತಟ್ಟೆ ಖಾಲಿ ಮಾಡು, ‘ಯೂಸ್ ಅಪ್’ ಎಂದರೆ ಬಳಸಿ ಮುಗಿಸು. ‘ಔಟ್’ ಎಂಬುದು ಮುಗಿದುಹೋಗುವುದನ್ನು, ಇಲ್ಲವಾಗುವುದನ್ನು ಹೇಳುತ್ತದೆ. ‘ರನ್ ಔಟ್’, ‘ಡೈ ಔಟ್’, ‘ಪುಟ್ ಔಟ್ ದ ಫೈರ್’. ‘ಡೌನ್’ ಎಂಬುದು ಕಡಿಮೆಯಾಗುವುದನ್ನು ಹೇಳುತ್ತದೆ. ‘ಕಟ್ ಡೌನ್’, ‘ಸ್ಲೋ ಡೌನ್’, ‘ಕಾಮ್ ಡೌನ್’.

ಭಾಷಾವಿಜ್ಞಾನಿ ಜಾರ್ಜ್ ಲೇಕಾಫ್ ಮತ್ತು ತತ್ವಶಾಸ್ತ್ರಜ್ಞ ಮಾರ್ಕ್ ಜಾನ್ಸನ್ 1980ರಲ್ಲಿ ‘ಮೆಟಫರ್ಸ್ ವಿ ಲಿವ್ ಬೈ’ ಎಂಬ ಪುಸ್ತಕದಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ನಾವು ಮೈಯಿಂದ ಅನುಭವಿಸಿದ ದಿಕ್ಕುಗಳೇ ನಮ್ಮ ಯೋಚನೆಗೆ ಅಚ್ಚು ಎಂಬುದು ಅವರ ವಾದ. ನೀರು ಸುರಿದರೆ ಮಟ್ಟ ಮೇಲೇರುತ್ತದೆ, ಆದ್ದರಿಂದ ಮೇಲೆ ಎಂದರೆ ಹೆಚ್ಚು. ಆರೋಗ್ಯವಾಗಿದ್ದರೆ ಎದ್ದು ಓಡಾಡುತ್ತೇವೆ, ಕಾಯಿಲೆ ಬಿದ್ದರೆ ಮಲಗುತ್ತೇವೆ. ಆದ್ದರಿಂದ ಇಂಗ್ಲಿಷಿನಲ್ಲಿ ‘ಕಮ್ ಡೌನ್ ವಿತ್ ಫೀವರ್’ ಎಂದರೆ ಜ್ವರ ಬಂದು ಮಲಗುವುದು. ನಾವೂ ‘ಕಾಯಿಲೆ ಬಿದ್ದ’ ಎನ್ನುತ್ತೇವೆ, ‘ಹಾಸಿಗೆ ಹಿಡಿದ’ ಎನ್ನುತ್ತೇವೆ, ‘ಬೆಲೆ ಏರಿತು’ ಎನ್ನುತ್ತೇವೆ. ಆ ದಿಕ್ಕು ನಮಗೂ ಪರಿಚಿತವೇ.

ಹಾಗಾದರೆ ‘ಆಫ್’? ಅದರ ಮೂಲ ಅರ್ಥ ‘ಬೇರೆಯಾಗಿ, ದೂರಕ್ಕೆ’. ದೀಪ ವಿದ್ಯುತ್ತಿನಿಂದ ಬೇರೆಯಾದರೆ ಆರುತ್ತದೆ. ಅಲಾರಂ ಸುಮ್ಮನಿದ್ದ ಸ್ಥಿತಿಯಿಂದ ಬಿಡಿಸಿಕೊಂಡು ಹೊರಟರೆ ಹೊಡೆದುಕೊಳ್ಳುತ್ತದೆ. ಬಂದೂಕು ಹಾರುವುದಕ್ಕೂ, ಪಟಾಕಿ ಸಿಡಿಯುವುದಕ್ಕೂ ‘ವೆಂಟ್ ಆಫ್’ ಎಂದೇ ಹೇಳುವುದು. ಹೀಗೆ ನೋಡಿದರೆ ಎರಡೂ ಅರ್ಥಗಳು ಒಂದೇ ಬೇರಿನಿಂದ ಎರಡು ಕಡೆಗೆ ಚಾಚಿದ ಕೊಂಬೆಗಳು.

ಇನ್ನು ಬಾಯಿಪಾಠದ ಹೊರೆಯೂ ನಾವು ಅಂದುಕೊಂಡಷ್ಟಿಲ್ಲ. ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಎಂಬ ಸಂಶೋಧಕರು 2007ರಲ್ಲಿ, 10 ಕೋಟಿ ಪದಗಳಿರುವ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಭಾಷಾ ಸಂಗ್ರಹವನ್ನು ಜಾಲಾಡಿದರು. ಕೇವಲ 20 ಕ್ರಿಯಾಪದಗಳು 8 ಜೊತೆಪದಗಳೊಂದಿಗೆ ಸೇರಿ ಆಗುವ ಜೋಡಿಗಳೇ ಅಲ್ಲಿನ ಒಟ್ಟು ಫ್ರೇಸಲ್ ವರ್ಬ್ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಎಂದು ಕಂಡುಬಂತು. ಅಂದರೆ ಗೋ, ಕಮ್, ಗೆಟ್, ಟೇಕ್ ಇಂತಹ ಕೆಲವನ್ನು ಚೆನ್ನಾಗಿ ಹಿಡಿದುಕೊಂಡರೆ ಅರ್ಧ ದಾರಿ ಸವೆದಂತೆ.

ತಪ್ಪು ನಂಬಿಕೆ 2: ಇದು ಬೀದಿಯ ಇಂಗ್ಲಿಷ್, ಒಳ್ಳೆಯ ಇಂಗ್ಲಿಷ್ ಅಲ್ಲ

‘ಪೋಸ್ಟ್‌ಪೋನ್’ ಎಂದರೆ ಗೌರವ, ‘ಪುಟ್ ಆಫ್’ ಎಂದರೆ ಸಲಿಗೆ ಎಂಬ ಭಾವನೆ ಹಲವರಲ್ಲಿದೆ. ತೀರಾ ಔಪಚಾರಿಕ ಬರಹದಲ್ಲಿ ಒಂಟಿ ಪದಗಳ ಕಡೆಗೆ ಒಲವಿರುವುದು ನಿಜ. ಆದರೆ ಫ್ರೇಸಲ್ ವರ್ಬ್ ಎಲ್ಲವೂ ಸಲಿಗೆಯ ಮಾತಲ್ಲ. ‘ಕ್ಯಾರಿ ಔಟ್’, ‘ಪಾಯಿಂಟ್ ಔಟ್’, ‘ಸೆಟ್ ಅಪ್’ ಇವು ಸಂಶೋಧನಾ ಲೇಖನಗಳಲ್ಲೂ ಧಾರಾಳವಾಗಿ ಬರುತ್ತವೆ.

ತಮಾಷೆಯೆಂದರೆ, ಆ ‘ಗೌರವದ’ ಪದಗಳೂ ಒಳಗಿನಿಂದ ಇದೇ ಕೆಲಸ ಮಾಡಿದವು. ‘ಪೋಸ್ಟ್‌ಪೋನ್’ ಎಂಬುದು ಲ್ಯಾಟಿನ್ನಿನ ‘ಪೋಸ್ಟ್’, ಅಂದರೆ ನಂತರ, ಮತ್ತು ‘ಪೊನೆರೆ’, ಅಂದರೆ ಇಡು, ಎಂಬ ಎರಡು ಪದಗಳ ಜೋಡಿ. ‘ಎಕ್ಸ್‌ಪೆಲ್’ ಎಂದರೆ ‘ಹೊರಗೆ ತಳ್ಳು’. ಲ್ಯಾಟಿನ್ ತನ್ನ ಪುಟ್ಟ ಪದವನ್ನು ಮುಂದೆ ಅಂಟಿಸಿತು, ಇಂಗ್ಲಿಷ್ ಹಿಂದೆ ಬಿಡಿಯಾಗಿ ಇಟ್ಟಿತು.

ಮುಂದೆ ಅಂಟಿಸುವುದು ನಮಗೂ ಹೊಸದಲ್ಲ. ಶಾಲೆಯಲ್ಲಿ ಉಪಸರ್ಗಗಳ ಪಾಠ ಓದಿದ್ದು ನೆನಪಿದೆಯೇ? ಸಂಸ್ಕೃತದಿಂದ ಬಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ. ಧಾತು ಒಂದೇ, ಮುಂದಿನ ಪುಟ್ಟ ತುಂಡು ಬದಲಾದಂತೆ ಊಟ, ಸುತ್ತಾಟ, ಏಟು, ಸಾವು, ಬಿಡುಗಡೆ! ಇದನ್ನು ಅರಗಿಸಿಕೊಂಡವರಿಗೆ ‘ಗೆಟ್ ಅಪ್, ಗೆಟ್ ಔಟ್, ಗೆಟ್ ಓವರ್’ ಅರಗದಿರಲು ಕಾರಣವಿಲ್ಲ.

ತಪ್ಪು ನಂಬಿಕೆ 3: ವಾಕ್ಯದ ಕೊನೆಗೆ ಪ್ರಿಪೊಸಿಷನ್ ಬರಲೇಬಾರದು

‘ವಾಟ್ ಆರ್ ಯು ಲುಕಿಂಗ್ ಅಟ್?’ ಎಂದು ಬರೆದದ್ದಕ್ಕೆ ಕೆಂಪು ಶಾಯಿಯ ಗೆರೆ ತಿಂದವರು ನಮ್ಮ ನಡುವೆ ಹಲವರಿದ್ದಾರೆ. ಈ ನಿಯಮ ಎಲ್ಲಿಂದ ಬಂತು? ಕವಿ ಜಾನ್ ಡ್ರೈಡನ್ 1672ರಲ್ಲಿ, ಹಿಂದಿನ ನಾಟಕಕಾರ ಬೆನ್ ಜಾನ್ಸನ್‌ನ ಸಾಲೊಂದರಲ್ಲಿ ಪ್ರಿಪೊಸಿಷನ್ ಕೊನೆಗೆ ಬಂದದ್ದನ್ನು ದೋಷವೆಂದು ಎತ್ತಿ ತೋರಿಸಿದ್ದರು. ಲ್ಯಾಟಿನ್ ಭಾಷೆಯಲ್ಲಿ ಹಾಗೆ ಕೊನೆಗೆ ಇಡಲು ಬರುವುದಿಲ್ಲ. ಲ್ಯಾಟಿನ್ನನ್ನೇ ಮಾದರಿ ಎಂದುಕೊಂಡ ಕಾಲದಲ್ಲಿ ಈ ಆಕ್ಷೇಪಣೆ ಬೇರೂರಿತು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್, ಇದು ಆಡುಮಾತಿಗೆ ಹೊಂದುತ್ತದೆ, ಗಂಭೀರ ಬರಹಕ್ಕೆ ಬೇರೆ ರೀತಿ ಚೆನ್ನ ಎಂದಷ್ಟೇ ಹೇಳಿದ್ದರು. ಹೆನ್ರಿ ಫೌಲರ್ ತಮ್ಮ 1926ರ ಬಳಕೆಯ ಕೈಪಿಡಿಯಲ್ಲಿ ಇದನ್ನು ಮೂಢನಂಬಿಕೆಗಳ ಸಾಲಿಗೇ ಸೇರಿಸಿದರು.

ಈ ನಿಯಮವನ್ನು ಗೇಲಿ ಮಾಡುವ ಒಂದು ಪ್ರಸಿದ್ಧ ಜೋಕು ವಿನ್‌ಸ್ಟನ್ ಚರ್ಚಿಲ್ ಹೆಸರಿನಲ್ಲಿ ಓಡಾಡುತ್ತದೆ. ತಿದ್ದಲು ಬಂದ ಅಧಿಕಾರಿಗೆ ಅವರು ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಎಂದು ಉತ್ತರ ಬರೆದರಂತೆ. ಇದನ್ನು ಚರ್ಚಿಲ್ಲರೇ ಹೇಳಿದರು ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಆದರೆ ಜೋಕು ಮಾತ್ರ ಒಳ್ಳೆಯ ಪಾಠ. ‘ವಿತ್’ ಪ್ರಿಪೊಸಿಷನ್, ಅದನ್ನು ‘ವಿಚ್’ ಜೊತೆ ಮುಂದಕ್ಕೆ ಎಳೆಯಬಹುದು. ‘ಅಪ್’ ಜೊತೆಪದ, ಅದು ‘ಪುಟ್’ನ ಮಗ್ಗುಲು ಬಿಟ್ಟು ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಎಳೆದಿದ್ದಕ್ಕೇ ವಾಕ್ಯ ಮುರಿದು ನಗು ಬರುವುದು.

ಕನ್ನಡಿಗರಿಗೆ ಇದೇಕೆ ಕಷ್ಟ?

ಕಾರಣ ನಮ್ಮ ದಡ್ಡತನವಂತೂ ಅಲ್ಲ. ಮೆನಾಹೆಮ್ ಡಗಟ್ ಮತ್ತು ಬಾಟಿಯಾ ಲಾಫರ್ ಎಂಬ ಸಂಶೋಧಕರು 1985ರಲ್ಲಿ ಹೀಬ್ರೂ ಮಾತೃಭಾಷೆಯ ವಿದ್ಯಾರ್ಥಿಗಳನ್ನು ಗಮನಿಸಿದರು. ಹೀಬ್ರೂವಿನಲ್ಲಿ ಇಂತಹ ರಚನೆ ಇಲ್ಲ. ಆ ವಿದ್ಯಾರ್ಥಿಗಳು ಫ್ರೇಸಲ್ ವರ್ಬ್ ತಪ್ಪಿಸಿ ಒಂಟಿ ಪದಗಳನ್ನೇ ಆರಿಸಿಕೊಳ್ಳುವುದು ಕಂಡುಬಂತು. ನಾವು ಮಾಡುವುದೂ ಅದನ್ನೇ. ಎಂಎ ಓದುವಾಗ ನಮ್ಮ ಬರಹದಲ್ಲೂ ‘ಟಾಲರೇಟ್’ ಇತ್ತೇ ಹೊರತು ‘ಪುಟ್ ಅಪ್ ವಿತ್’ ಬಂದದ್ದೇ ನೆನಪಿಲ್ಲ.

ಕನ್ನಡದಲ್ಲೂ ಎರಡು ಪದ ಸೇರಿ ಒಂದು ಕ್ರಿಯೆಯಾಗುತ್ತದೆ. ಹೇಳು, ಹೇಳಿಕೊಡು, ಹೇಳಿಬಿಡು, ಹೇಳಿಕೊ, ಹೇಳಿಕಳುಹಿಸು. ಆದರೆ ನಮ್ಮಲ್ಲಿ ಹಿಂದೆ ಸೇರುವುದು ಇನ್ನೊಂದು ಕ್ರಿಯಾಪದ, ಇಂಗ್ಲಿಷಿನಲ್ಲಿ ಸೇರುವುದು ದಿಕ್ಕು ತೋರುವ ಪದ. ಪ್ರಿಪೊಸಿಷನ್ ಮಾಡುವ ಕೆಲಸವನ್ನು ನಮ್ಮಲ್ಲಿ ನಾಮಪದದ ಬಾಲಕ್ಕೆ ಅಂಟುವ ವಿಭಕ್ತಿ ಪ್ರತ್ಯಯಗಳು ಮಾಡುತ್ತವೆ. ಮನಸ್ಸಿನಲ್ಲಿ ಕನ್ನಡದ ವಿಭಕ್ತಿ ಇಟ್ಟುಕೊಂಡು ಇಂಗ್ಲಿಷಿನ ಪ್ರಿಪೊಸಿಷನ್ ಆರಿಸಿದಾಗ ಕೆಲವು ತಪ್ಪುಗಳು ಪದೇ ಪದೇ ಬರುತ್ತವೆ.

‘ಡಿಸ್ಕಸ್ ಅಬೌಟ್’: ನಾವು ‘ಅದರ ಬಗ್ಗೆ ಚರ್ಚಿಸು’ ಎನ್ನುತ್ತೇವೆ. ಇಂಗ್ಲಿಷಿನ ‘ಡಿಸ್ಕಸ್’ಗೆ ‘ಅಬೌಟ್’ ಬೇಡ. ‘ಡಿಸ್ಕಸ್ ದ ಪ್ಲಾನ್’ ಸಾಕು.

‘ಕೋಪ್ ಅಪ್ ವಿತ್’: ಭಾರತದಲ್ಲಿ ಎಲ್ಲೆಡೆ ಕೇಳಿಬರುತ್ತದೆ. ‘ಪುಟ್ ಅಪ್ ವಿತ್’, ‘ಕೀಪ್ ಅಪ್ ವಿತ್’ ಇವುಗಳ ಸಹವಾಸದಿಂದ ‘ಅಪ್’ ನುಸುಳಿದಂತಿದೆ. ಸರಿಯಾದದ್ದು ‘ಕೋಪ್ ವಿತ್’.

‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’: ಇಲ್ಲಿನ ‘ಟು’ ಪ್ರಿಪೊಸಿಷನ್. ಅದರ ಹಿಂದೆ ‘ಮೀಟಿಂಗ್ ಯು’ ಬರಬೇಕು. ಅನುಮಾನವಿದ್ದರೆ ‘ಇಟ್’ ಇಟ್ಟು ನೋಡಿ. ‘ಲುಕ್ ಫಾರ್ವರ್ಡ್ ಟು ಇಟ್’ ಹೊಂದುತ್ತದೆ, ಆದ್ದರಿಂದ ಅದು ಪ್ರಿಪೊಸಿಷನ್ನೇ. ‘ವಾಂಟ್ ಟು ಇಟ್’ ಹೊಂದುವುದಿಲ್ಲ, ಆದ್ದರಿಂದ ಅಲ್ಲಿ ‘ವಾಂಟ್ ಟು ಮೀಟ್’.

‘ಐ ಪಾಸ್ಡ್ ಔಟ್ ಇನ್ 2018’: ನಮಗೆ ಇದು ಡಿಗ್ರಿ ಮುಗಿಸಿದ ವರ್ಷ. ಸೈನಿಕ ತರಬೇತಿ ಮುಗಿಸುವುದಕ್ಕೆ ಬ್ರಿಟಿಷ್ ಇಂಗ್ಲಿಷಿನಲ್ಲೂ ಈ ಬಳಕೆ ಇದೆ, ‘ಪಾಸಿಂಗ್ ಔಟ್ ಪರೇಡ್’ ನೆನಪಿಸಿಕೊಳ್ಳಿ. ಆದರೆ ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಸಾಮಾನ್ಯರ ಕಿವಿಗೆ ಅದು ‘2018ರಲ್ಲಿ ನಾನು ಪ್ರಜ್ಞೆ ತಪ್ಪಿ ಬಿದ್ದೆ’ ಎಂದು ಕೇಳುತ್ತದೆ. ‘ಗ್ರ್ಯಾಜುಯೇಟೆಡ್’ ಎಂದರೆ ಗೊಂದಲವಿಲ್ಲ.

‘ಗೆಟ್ ಡೌನ್ ಫ್ರಮ್ ದ ಬಸ್’: ಕನ್ನಡದ ‘ಇಳಿ’ಯ ನೆರಳು. ಅವರು ಹೇಳುವುದು ‘ಗೆಟ್ ಆಫ್ ದ ಬಸ್’. ಕಾರಾದರೆ ‘ಗೆಟ್ ಔಟ್ ಆಫ್ ದ ಕಾರ್’. ಎದ್ದು ನಿಂತು ನಡೆದಾಡಬಹುದಾದ ಬಸ್ಸು, ರೈಲು, ವಿಮಾನಗಳಿಗೆ ಆನ್ ಮತ್ತು ಆಫ್, ಒಳಗೆ ತೂರಿ ಕೂರುವ ಕಾರು, ಟ್ಯಾಕ್ಸಿಗಳಿಗೆ ಇನ್ ಮತ್ತು ಔಟ್ ಆಫ್ ಎಂದು ನೆನಪಿಟ್ಟುಕೊಳ್ಳಬಹುದು.

ಆಸ್ಪತ್ರೆಯಲ್ಲಿ ಈ ಪುಟ್ಟ ಪದಗಳ ತೂಕ

ಬಸ್ಸಿನ ವಿಷಯದಲ್ಲಿ ತಪ್ಪಾದರೆ ಹೆಚ್ಚೆಂದರೆ ಯಾರಾದರೂ ನಕ್ಕಾರು. ಆಸ್ಪತ್ರೆಯಲ್ಲಿ ಹಾಗಲ್ಲ. ಕರ್ನಾಟಕದಿಂದ, ಕೇರಳದಿಂದ ಬ್ರಿಟನ್ನಿಗೆ ನರ್ಸಿಂಗ್ ಕೆಲಸಕ್ಕೆ ಹೋಗುವವರಿದ್ದಾರೆ. ಅವರು ಐಇಎಲ್‌ಟಿಎಸ್ ಅಥವಾ ಒಇಟಿಯಂತಹ ಭಾಷಾ ಪರೀಕ್ಷೆಗಳಿಗೆ ಕೂರುತ್ತಾರೆ. ವೈದ್ಯಕೀಯ ಪದಗಳು ಅವರಿಗೆ ಕರತಲಾಮಲಕ. ಆದರೆ ರೋಗಿ ಪಠ್ಯಪುಸ್ತಕದ ಭಾಷೆ ಆಡುವುದಿಲ್ಲ. ‘ವಾಮಿಟ್’ ಎನ್ನುವ ಬದಲು ‘ಥ್ರೂ ಅಪ್’ ಎನ್ನುತ್ತಾರೆ, ಕಫವನ್ನು ‘ಬ್ರಿಂಗ್ ಅಪ್’ ಮಾಡುತ್ತಾರೆ, ಮೈಮೇಲೆ ಗಂಧೆ ಎದ್ದರೆ ‘ಕೇಮ್ ಔಟ್ ಇನ್ ಎ ರ‍್ಯಾಶ್’ ಎನ್ನುತ್ತಾರೆ, ಊಟ ಸೇರದಿದ್ದರೆ ‘ಗಾನ್ ಆಫ್ ಮೈ ಫುಡ್’ ಎನ್ನುತ್ತಾರೆ.

ಕೆಲವು ಜೋಡಿಗಳ ನಡುವಿನ ಅಂತರ ಒಂದೇ ಒಂದು ಪುಟ್ಟ ಪದ. ‘ಶಿ ಪಾಸ್ಡ್ ಔಟ್’ ಎಂದರೆ ಪ್ರಜ್ಞೆ ತಪ್ಪಿತು, ‘ಶಿ ಪಾಸ್ಡ್ ಅವೇ’ ಎಂದರೆ ತೀರಿಕೊಂಡರು. ‘ಕಟ್ ಡೌನ್ ಆನ್ ಸಾಲ್ಟ್’ ಎಂದರೆ ಉಪ್ಪು ಕಡಿಮೆ ಮಾಡಿ, ‘ಕಟ್ ಔಟ್ ಸಾಲ್ಟ್’ ಎಂದರೆ ಉಪ್ಪನ್ನು ಪೂರ್ತಿ ಬಿಡಿ. ‘ಗೋ ಆನ್ ದ ಟ್ಯಾಬ್ಲೆಟ್ಸ್’ ಎಂದರೆ ಮಾತ್ರೆ ಶುರು ಮಾಡಿ, ‘ಕಮ್ ಆಫ್ ದ ಟ್ಯಾಬ್ಲೆಟ್ಸ್’ ಎಂದರೆ ಮಾತ್ರೆ ನಿಲ್ಲಿಸಿ. ಮಕ್ಕಳ ಬಳಿಗೆ ವಿದೇಶಕ್ಕೆ ಹೋಗಿರುವ ಅಪ್ಪ ಅಮ್ಮಂದಿರು ಇಂತಹ ಸಲಹೆ ಕೇಳಿ, ಅರ್ಥವಾಯಿತು ಎಂದು ತಲೆಯಾಡಿಸಿ ಬಂದುಬಿಡುವ ಸಾಧ್ಯತೆ ಇದೆ. ಅನುಮಾನವಿದ್ದರೆ ‘ನಿಲ್ಲಿಸಬೇಕೋ, ಕಡಿಮೆ ಮಾಡಬೇಕೋ?’ ಎಂದು ಸರಳವಾಗಿ ‘ಸ್ಟಾಪ್ ಆರ್ ರೆಡ್ಯೂಸ್?’ ಎಂದು ಕೇಳುವುದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಕೇಳದೆ ಬರುವುದೇ ಅಪಾಯ.

ಕಲಿಯುವುದು ಹೇಗೆ?

ನಮಗೆ ಉಪಯೋಗಕ್ಕೆ ಬಂದ ಕೆಲವು ದಾರಿಗಳು ಇಲ್ಲಿವೆ.

1. ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ. ‘ಪುಟ್ ಅಪ್ ವಿತ್: ಸಹಿಸು’ ಎಂದು ಬರೆದುಕೊಳ್ಳುವ ಬದಲು ‘ಐ ಕಾಂಟ್ ಪುಟ್ ಅಪ್ ವಿತ್ ದಿಸ್ ನಾಯ್ಸ್’ ಎಂದು ಇಡೀ ವಾಕ್ಯ ಬರೆದುಕೊಳ್ಳಿ. ಹಿಂದಿನ ಪ್ರಿಪೊಸಿಷನ್ ಸಮೇತ ನೆನಪಿನಲ್ಲಿ ಕೂರುತ್ತದೆ.

2. ಕ್ರಿಯಾಪದದ ಬದಲು ಜೊತೆಪದದ ಪ್ರಕಾರ ಗುಂಪು ಮಾಡಿ. ಮುಗಿದುಹೋಗುವ ‘ಔಟ್’ ಒಂದು ಕಡೆ, ಕಡಿಮೆಯಾಗುವ ‘ಡೌನ್’ ಇನ್ನೊಂದು ಕಡೆ.

3. ಹೊಸ ಜೋಡಿ ಸಿಕ್ಕಾಗ ‘ಇಟ್’ ಎಲ್ಲಿ ಕೂರುತ್ತದೆ ಎಂದು ನೋಡಿ. ನಡುವೆಯೋ, ಕೊನೆಗೋ?

4. ನಿಘಂಟಿನಲ್ಲಿ ‘ಗೋ’ ಮಾತ್ರ ಹುಡುಕಿ ನಿಲ್ಲಬೇಡಿ. ‘ಗೋ ಆಫ್’ ಎಂದೇ ಹುಡುಕಿ, ಮತ್ತು ಯಾವ ಕರ್ತೃವಿನ ಜೊತೆ ಯಾವ ಅರ್ಥ ಎಂದು ಗಮನಿಸಿ. ಹಾಲಿಗೆ ಒಂದು, ದೀಪಕ್ಕೆ ಒಂದು, ಅಲಾರಂಗೆ ಇನ್ನೊಂದು.

5. ಮಾತಾಡುವಾಗ ನೆನಪಾಗದಿದ್ದರೆ ಒಂಟಿ ಪದವನ್ನೇ ಬಳಸಿ, ಏನೂ ತಪ್ಪಿಲ್ಲ. ಆದರೆ ಬೇರೆಯವರು ಆಡಿದ್ದು ಅರ್ಥವಾಗುವಷ್ಟು ಪರಿಚಯ ಇರಲಿ. ಮೊದಲು ಕಿವಿ ಕಲಿಯಲಿ, ನಾಲಿಗೆ ಆಮೇಲೆ ಕಲಿಯುತ್ತದೆ.

ಕೊನೆಯ ಮಾತು

ಒಟ್ಟಿನಲ್ಲಿ ಹೇಳುವುದಾದರೆ, ಫ್ರೇಸಲ್ ವರ್ಬ್‌ಗಳು ತರ್ಕವಿಲ್ಲದ ಗೋಜಲೂ ಅಲ್ಲ, ಕೆಳದರ್ಜೆಯ ಇಂಗ್ಲಿಷೂ ಅಲ್ಲ. ಜೊತೆಪದ ಕ್ರಿಯಾಪದದ ಕಡೆಗೆ ವಾಲುತ್ತದೆ, ಪ್ರಿಪೊಸಿಷನ್ ಮುಂದಿನ ನಾಮಪದದ ಕಡೆಗೆ ವಾಲುತ್ತದೆ. ಯಾವುದು ಯಾವ ಕಡೆಗೆ ಎಂದು ಗೊತ್ತಾದರೆ ಮುಕ್ಕಾಲು ಗಂಟು ಬಿಚ್ಚಿಕೊಳ್ಳುತ್ತದೆ. ‘ಬಸ್ಸಿಗೆ’ ಕೈ ಮಾಡುವುದಕ್ಕೂ ‘ತಮ್ಮನ ಮೇಲೆ’ ಕೈ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಹೇಳಿಕೊಡದೆ ಕಲಿತವರು ನಾವು. ಇದನ್ನೂ ಕಲಿಯಬಲ್ಲೆವು.

ಅಲ್ಲಿಯವರೆಗೆ ಒಂದನ್ನಾದರೂ ನೆನಪಿಟ್ಟುಕೊಳ್ಳಿ. ‘ಅಲಾರಂ ಗೋಸ್ ಆಫ್’ ಎಂದರೆ ಮಲಗಿ ನಿದ್ದೆ ಮಾಡುವ ಸೂಚನೆ ಅಲ್ಲ, ಎದ್ದು ಹೊರಗೆ ಬರುವ ಸೂಚನೆ.